ಜೈನ ಪರಂಪರೆಯಲ್ಲಿ ಕೊಳ: ಬೆಳ್ಗೊಳದಿಂದ ಬೆಂಗಳೂರಿನ ಕೆರೆಗಳವರೆಗೆ

ಕನ್ನಡ ನಾಡಿನ ಜೈನರ ಪರಮ ಪವಿತ್ರ ಕ್ಷೇತ್ರಕ್ಕೆ ಹೆಸರು ಬಂದುದು ಒಂದು ಕೊಳದಿಂದ. ಬೆಳ್ಪು, ಕೊಳ ಎಂಬೆರಡು ಮಾತುಗಳು ಕೂಡಿ ಬೆಳ್ಗೊಳವಾಯಿತು. ಸಂಸ್ಕೃತ ಶಾಸನಗಳಲ್ಲಿ ಇದೇ ಊರು ಧವಳಸರೋವರ, ಶ್ವೇತಸರೋವರ ಎಂದು ಕರೆಸಿಕೊಂಡಿದೆ. ಗೊಮ್ಮಟೇಶ್ವರನ ಅಭಿಷೇಕದ ಹಾಲು ಹರಿದು ಬಂದು ಕೊಳವು ಬೆಳ್ಳಗಾಯಿತೆಂಬ ಐತಿಹ್ಯ ಭಕ್ತಜನರಲ್ಲಿ ಉಂಟು. ಆದರೆ ಚಂದ್ರಗಿರಿಯ ಬಂಡೆಯ ಮೇಲಿನ ಸುಮಾರು ಕ್ರಿ.ಶ. 650ರ ಶಾಸನವೊಂದರಲ್ಲಿಯೇ ವೆಳ್ಗೊಳ ಎಂಬ ಹೆಸರು ದೊರೆಯುತ್ತದೆ. ಚಾವುಂಡರಾಯನು ಮಹಾಮೂರ್ತಿಯನ್ನು ಪ್ರತಿಷ್ಠಾಪಿಸಿದುದು 981ರ ಸುಮಾರಿಗೆ. ಅಂದಮೇಲೆ ಮೂರ್ತಿಗಿಂತ ಮೂರು ಶತಮಾನಗಳಿಗೂ ಹೆಚ್ಚು ಕಾಲ ಹಿಂದೆಯೇ ಅಲ್ಲಿ ಕೊಳದ ಕೀರ್ತಿ ಇತ್ತೆಂಬುದು ಸ್ಪಷ್ಟ. ಸಮಾಧಿಮರಣವನ್ನು ಬಯಸಿ ಬಂದ ಮುನಿಗಳೂ ಅವರ ಸೇವೆಗೆ ಬಂದ ಶ್ರಾವಕರೂ ಮೊದಲು ಕಂಡುದು ಆ ನೀರನ್ನೇ.

ಜೈನ ಧರ್ಮದಲ್ಲಿ ಕೊಳವೆಂಬುದು ಸ್ನಾನದಿಂದ ಪಾಪ ತೊಳೆಯುವ ಸ್ಥಳವಲ್ಲ. ನೀರು ದೇಹದ ಕೊಳೆಯನ್ನು ಕಳೆಯಬಹುದೇ ಹೊರತು ಕರ್ಮಮಲವನ್ನು ಕಳೆಯಲಾರದು ಎಂಬುದು ಆಚಾರ್ಯರ ಏಕಾಭಿಪ್ರಾಯ. ಹಾಗಿದ್ದರೂ ಪುರಾಣ, ಆಗಮ, ಶಾಸನ, ಶ್ರಾವಕಾಚಾರಗಳಲ್ಲಿ ಕೊಳಕ್ಕೆ ದೊರೆತಿರುವ ಸ್ಥಾನ ಅಪೂರ್ವವಾದುದು. ಅದರ ಅರ್ಥವನ್ನು ಅರಿಯುವುದು ಇತಿಹಾಸದ ಕುತೂಹಲಕ್ಕಾಗಿ ಮಾತ್ರವಲ್ಲ, ಇಂದಿನ ಗೃಹಸ್ಥಧರ್ಮಕ್ಕೂ ಅಗತ್ಯ.

ಬೆಳ್ಗೊಳದ ಕೊಳಗಳು, ಕಟ್ಟಿಸಿದವರು

ಬೆಳ್ಗೊಳದಲ್ಲಿ ಇರುವುದು ಒಂದೇ ಜಲಾಶಯವಲ್ಲ. ಚಂದ್ರಗಿರಿಯ ಮೇಲೆ ಲಕ್ಕಿ ಎಂಬ ಸ್ತ್ರೀಯು ಮಾಡಿಸಿದಳೆಂದು ತಿಳಿದುಬರುವ ಲಕ್ಕಿದೊಣೆ ಇದೆ. ಅದರ ಪಕ್ಕದ ಬಂಡೆಯ ಮೇಲೆ ಸುಮಾರು 9, 10ನೆಯ ಶತಮಾನಗಳ ಯಾತ್ರಿಕರ ಹೆಸರುಗಳು ಕೊರೆಯಲ್ಪಟ್ಟಿವೆ. ಬೆಟ್ಟವೇರಿ ದಣಿದವರು ನೀರ ಬಳಿ ಕುಳಿತು ತಮ್ಮ ಗುರುತನ್ನು ಬಿಟ್ಟುಹೋದ ಸ್ಥಳವದು. ಊರಿನೊಳಗಣ ಜಕ್ಕಿಕಟ್ಟೆಯನ್ನು ಕಟ್ಟಿಸಿದವಳು ಜಕ್ಕಿಮವ್ವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅಣ್ಣನ ಪತ್ನಿ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ ಎಂದು ಶಾಸನವು ಆಕೆಯನ್ನು ಪರಿಚಯಿಸುತ್ತದೆ. ಆಕೆ ಕೆರೆಯನ್ನು ಕಟ್ಟಿಸಿದಳು, ಅದರ ಪಕ್ಕದ ಬಂಡೆಯಲ್ಲಿ ಜಿನಬಿಂಬಗಳನ್ನು ಕೊರೆಸಿದಳು. ನೀರು ಮತ್ತು ಜಿನಬಿಂಬ ಒಂದೇ ಸಂಕಲ್ಪದಲ್ಲಿ ಹುಟ್ಟಿದವು.

ಊರ ನಡುವಣ ಕಲ್ಯಾಣಿಯು ಇಂದಿನ ರೂಪ ಪಡೆದುದು ಮೈಸೂರು ಅರಸರ ಕಾಲದಲ್ಲಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಕಟ್ಟಿಸಲು ಆಜ್ಞಾಪಿಸಿದರು. ಕೆಲಸ ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಟಂಕಸಾಲೆಯ ಅಧಿಕಾರಿ ಅಣ್ಣಯ್ಯನು ಮುಂದೆ ಒಂದನೆಯ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅದನ್ನು ಪೂರ್ಣಗೊಳಿಸಿದನೆಂದು ಅನಂತಕವಿಯ ಗೊಮ್ಮಟೇಶ್ವರ ಚರಿತೆ ತಿಳಿಸುತ್ತದೆ. ನಾಣ್ಯ ಟಂಕಿಸುವ ಮನೆಯ ಮುಖ್ಯಸ್ಥನೊಬ್ಬನು ಅರಸನ ಮಾತನ್ನು ಅರಸನ ಮರಣಾನಂತರವೂ ನಡೆಸಿಕೊಟ್ಟ ಈ ಸಂಗತಿ ವ್ಯವಹಾರಸ್ಥರು ನೆನಪಿಡತಕ್ಕದ್ದು.

ವರ್ತಕಕುಲದ ಕೊಡುಗೆಗೂ ಉದಾಹರಣೆ ಉಂಟು. ಪುಟ್ಟಸಾಮಿ ಸೆಟ್ಟರ ಮಗ ಚೆನ್ನಣ್ಣನು 1673ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ ಚಂದ್ರನಾಥ ಬಸದಿಯನ್ನು ಕಟ್ಟಿಸಿದನು. ಕೆಳಗೆ ಕೊಳವನ್ನೂ ಮಂಟಪವನ್ನೂ ಮಾಡಿಸಿದನು. ಅಲ್ಲಿನ ಶಾಸನವು ಆ ಕೊಳವನ್ನು ಆದಿತೀರ್ಥವೆಂದು ಕರೆದು, ಇದು ಹಾಲೋ ಅಮೃತವೋ ಎಂದು ಬೆರಗುಪಡುತ್ತದೆ. ದಾನದ ಭೂಮಿಯ ಎಲ್ಲೆಗಳನ್ನು ಎಣಿಸುವ ಶುಷ್ಕ ಶಾಸನಗಳ ನಡುವೆ ಇಂತಹ ಉಲ್ಲಾಸ ವಿರಳ. ಸೆಟ್ಟಿಯೊಬ್ಬನಿಗೆ ತನ್ನ ನೀರಿನ ಬಗೆಗೆ ಇದ್ದ ಹಿಗ್ಗು ಮೂರೂವರೆ ಶತಮಾನಗಳಾಚೆಗೂ ಆರಿಲ್ಲ.

ಬೆಳ್ಗೊಳದ ಆಚೆಗೂ ಈ ಸಂಪ್ರದಾಯ ಹಬ್ಬಿದೆ. ತುಳುನಾಡಿನ ವರಂಗದ ಕೆರೆಬಸದಿಗೆ ಇಂದಿಗೂ ದೋಣಿಯಲ್ಲಿಯೇ ಹೋಗಬೇಕು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಆ ಚತುರ್ಮುಖ ಬಸದಿಯ ಸುತ್ತಲೂ ನೀರು. ಬಿಹಾರದ ಪಾವಾಪುರಿಯಲ್ಲಿ ಭಗವಾನ್ ಮಹಾವೀರರ ಅಂತ್ಯಸಂಸ್ಕಾರದ ಸ್ಥಳವೆಂದು ಪೂಜೆಗೊಳ್ಳುವ ಜಲಮಂದಿರವೂ ತಾವರೆಗೊಳದ ನಡುವೆ ಇದೆ. ಪವಿತ್ರ ಭಸ್ಮವನ್ನೂ ಬಳಿಕ ಅಲ್ಲಿನ ಮಣ್ಣನ್ನೂ ಭಕ್ತರು ಚಿಟಿಕೆ ಚಿಟಿಕೆಯಾಗಿ ಒಯ್ದುದರಿಂದ ಆ ಕೊಳ ಉಂಟಾಯಿತೆಂದು ಪರಂಪರೆ ಹೇಳುತ್ತದೆ.

ಶಾಸ್ತ್ರಗಳಲ್ಲಿ ಸರೋವರದ ಅರ್ಥ

ತೀರ್ಥಂಕರರ ಮಾತೆಯು ಕಾಣುವ ಹದಿನಾರು ಸ್ವಪ್ನಗಳಲ್ಲಿ ಪದ್ಮಸರೋವರವೂ ಒಂದು. ಭಾರತ ಕ್ಷೇತ್ರಕ್ಕೆ ಗಂಗೆ, ಸಿಂಧುಗಳು ಹರಿದು ಬರುವುದು ಹಿಮವತ್ಪರ್ವತದ ಮೇಲಿನ ಪದ್ಮಹ್ರದದಿಂದ ಎಂದು ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯ ಹೇಳುತ್ತದೆ. ಆರು ಕುಲಪರ್ವತಗಳ ಮೇಲೆ ಆರು ಸರೋವರಗಳು. ಅವುಗಳ ಕಮಲಗಳಲ್ಲಿ ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿ ಎಂಬ ದೇವಿಯರ ವಾಸ. ಸಂಪತ್ತಿನ ಜೊತೆಯಲ್ಲಿಯೇ ಲಜ್ಜೆಯೂ ಧೈರ್ಯವೂ ನೆಲೆಸಿರುವ ಈ ಚಿತ್ರ ಬಹು ಅರ್ಥಪೂರ್ಣವಾದುದು. ಸಮವಸರಣದಲ್ಲಿ ಮಾನಸ್ತಂಭದ ಸುತ್ತ ವಾಪಿಗಳಿವೆ. ಅಷ್ಟಾಹ್ನಿಕ ಪರ್ವದಲ್ಲಿ ಪೂಜಿಸುವ ನಂದೀಶ್ವರ ದ್ವೀಪದಲ್ಲಿ ಹದಿನಾರು ವಾಪಿಗಳೂ ಅವುಗಳ ನಡುವೆ ದಧಿಮುಖ ಪರ್ವತಗಳೂ ಇವೆ.

ತೀರ್ಥ ಎಂಬ ಶಬ್ದವೇ ನೀರಿಗೆ ಸಂಬಂಧಿಸಿದುದು. ನೀರನ್ನು ಸುರಕ್ಷಿತವಾಗಿ ದಾಟುವ ಸ್ಥಳವೇ ತೀರ್ಥ. ಸಂಸಾರವನ್ನು ದಾಟುವ ಅಂತಹ ಸ್ಥಳವನ್ನು ನಿರ್ಮಿಸಿದವನು ತೀರ್ಥಂಕರ. ಈ ಅರ್ಥವನ್ನು ಅತ್ಯಂತ ಸುಂದರವಾಗಿ ವಿಸ್ತರಿಸುವುದು ಸೂತ್ರಕೃತಾಂಗದ ಪುಂಡರೀಕ ಅಧ್ಯಯನ. ನೀರೂ ಕೆಸರೂ ತುಂಬಿದ ಕೊಳ. ನಡುವೆ ಒಂದು ಮಹಾ ಶ್ವೇತಕಮಲ. ನಾಲ್ಕು ದಿಕ್ಕುಗಳಿಂದ ನಾಲ್ವರು ಅದನ್ನು ಕೀಳಲು ಇಳಿದು, ಒಬ್ಬನ ಸೋಲನ್ನು ಮತ್ತೊಬ್ಬನು ಹಳಿಯುತ್ತ, ನಾಲ್ವರೂ ಕೆಸರಿನಲ್ಲಿ ಹೂತುಹೋಗುತ್ತಾರೆ. ಐದನೆಯವನಾಗಿ ಬಂದ ಭಿಕ್ಷುವು ನೀರಿಗಿಳಿಯದೆ ದಡದಲ್ಲಿಯೇ ನಿಂತು ಕಮಲವನ್ನು ಕರೆಯುತ್ತಾನೆ. ಅದು ಮೇಲೆದ್ದು ಬರುತ್ತದೆ. ಕೊಳವೇ ಲೋಕ, ನೀರೇ ಕರ್ಮ, ಕೆಸರೇ ಕಾಮಭೋಗ, ದಡವೇ ಧರ್ಮತೀರ್ಥ, ಕರೆಯುವ ದನಿಯೇ ಧರ್ಮೋಪದೇಶ ಎಂದು ಭಗವಂತನು ವಿವರಿಸುತ್ತಾನೆ. ನೀರನ್ನು ಕಲಕದೆ ಪಡೆಯುವವನೇ ಪಡೆದವನು ಎಂಬುದು ಇದರ ಸಾರ.

ಕೊಳ ಕಟ್ಟಿಸಿದ ಶ್ರೇಷ್ಠಿಯ ಕಥೆ

ಕೊಳದ ಪುಣ್ಯವನ್ನು ಕೊಂಡಾಡುವ ಮತಗಳು ಹಲವು. ಕೊಳ ಕಟ್ಟಿಸಿದವನ ಅಪಾಯವನ್ನೂ ಹೇಳಿದುದು ಜೈನ ಕಥಾಸಾಹಿತ್ಯದ ವೈಶಿಷ್ಟ್ಯ. ಜ್ಞಾತಾಧರ್ಮಕಥೆಯ ಹದಿಮೂರನೆಯ ಅಧ್ಯಯನದಲ್ಲಿ ರಾಜಗೃಹದ ನಂದ ಮಣಿಯಾರನೆಂಬ ಧನಿಕ ಶ್ರಾವಕನ ವೃತ್ತಾಂತವಿದೆ. ಬೇಸಗೆಯಲ್ಲಿ ಪೌಷಧೋಪವಾಸ ಕೈಗೊಂಡಿದ್ದಾಗ ಅವನಿಗೆ ತಾಳಲಾರದ ಬಾಯಾರಿಕೆಯಾಯಿತು. ಜನರಿಗಾಗಿ ಕೊಳ ಬಾವಿಗಳನ್ನು ಮಾಡಿಸಿದವರೇ ಧನ್ಯರು ಎಂಬ ಭಾವ ಆಗ ಅವನಲ್ಲಿ ಮೂಡಿತು. ಶ್ರೇಣಿಕ ಮಹಾರಾಜನ ಅಪ್ಪಣೆ ಪಡೆದು ವೈಭಾರಗಿರಿಯ ಸಮೀಪ ನಂದಾಪುಷ್ಕರಿಣಿಯನ್ನು ತೋಡಿಸಿದನು. ಅದರ ನಾಲ್ಕು ಕಡೆ ನಾಲ್ಕು ವನಗಳು. ಅವುಗಳಲ್ಲಿ ಚಿತ್ರಶಾಲೆ, ಅನ್ನಶಾಲೆ, ಚಿಕಿತ್ಸಾಲಯ, ಕ್ಷೌರಾದಿ ಸೇವೆಗಳ ಶಾಲೆ. ಕೂಲಿಕಾರರು, ದಾರಿಹೋಕರು, ರೋಗಿಗಳು, ಅನಾಥರು ಬಂದು ಸುಖಪಟ್ಟು ನಂದನನ್ನು ಹೊಗಳಿದರು. ಹೊಗಳಿಕೆ ಅವನ ಕಿವಿಗೆ ಬಿತ್ತು. ಮನಸ್ಸು ಅಲ್ಲಿಯೇ ನಿಂತಿತು. ಮುಂದೆ ಹದಿನಾರು ರೋಗಗಳು ಅವನನ್ನು ಕಾಡಿದವು. ಪುಷ್ಕರಿಣಿಯ ಮೇಲಣ ಮೋಹದಲ್ಲಿಯೇ ಪ್ರಾಣಬಿಟ್ಟು, ಅದೇ ನೀರಿನಲ್ಲಿ ಕಪ್ಪೆಯಾಗಿ ಹುಟ್ಟಿದನು.

ಕಥೆ ಅಲ್ಲಿಗೇ ಮುಗಿದಿದ್ದರೆ ದಾನಕ್ಕೆ ಹೆದರಿಸುವ ಕಥೆಯಾಗುತ್ತಿತ್ತು. ದಡದಲ್ಲಿ ಜನರು ನಂದನ ಹೆಸರೆತ್ತಿ ಕೊಂಡಾಡುತ್ತಿದ್ದುದನ್ನು ಕೇಳಿ ಕೇಳಿ ಕಪ್ಪೆಗೆ ಜಾತಿಸ್ಮರಣೆಯಾಯಿತು. ಅದು ಮತ್ತೆ ವ್ರತಗಳನ್ನು ಹಿಡಿಯಿತು. ಉಪವಾಸಗಳನ್ನು ಮಾಡಿ, ಜನರು ಮಿಂದು ಪ್ರಾಸುಕವಾದ ನೀರನ್ನೇ ಕುಡಿದು ಬದುಕಿತು. ಮಹಾವೀರ ಸ್ವಾಮಿಯ ದರ್ಶನಕ್ಕೆಂದು ಹೊರಟಾಗ ಶ್ರೇಣಿಕನ ಪರಿವಾರದ ಕುದುರೆಯ ಕಾಲಿಗೆ ಸಿಕ್ಕಿ, ಸಮಾಧಿಭಾವದಿಂದ ಮಡಿದು ದರ್ದುರ ದೇವನಾಯಿತು. ದಿಗಂಬರ ಪರಂಪರೆಯಲ್ಲಿಯೂ ಇದರ ನೆರಳಿದೆ. ಒಂದೇ ಹೂವನ್ನು ಹಿಡಿದು ಅರ್ಹಂತರ ಪಾದಪೂಜೆಗೆ ಹೊರಟ ರಾಜಗೃಹದ ಕಪ್ಪೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಮರಿಸಿದ್ದಾರೆ. ಟೀಕೆಯ ಕಥೆಯಲ್ಲಿ ಆ ಕಪ್ಪೆ ತನ್ನ ಮನೆಯ ಬಾವಿಯಲ್ಲಿಯೇ ಹುಟ್ಟಿದ ಶ್ರೇಷ್ಠಿ. ಅದನ್ನು ತುಳಿಯುವುದು ಆನೆಯ ಕಾಲು.

ಕೊಳವು ಲೋಕೋಪಕಾರಿ, ಆದರೆ ಅದು ತನ್ನದೆಂಬ ಭಾವ ಬಂಧನಕಾರಿ. ನೀರು ಜನರಿಗೆ ಸೇರಬೇಕು, ಹೆಸರು ಕಳಚಬೇಕು. ಅಮೃತಶಿಲೆಯ ಫಲಕಗಳ ಮೇಲೆ ದಾನಿಗಳ ನಾಮಾವಳಿಯನ್ನು ಕೆತ್ತಿಸುವ ಧರ್ಮಸಂಸ್ಥೆಗಳು ಈ ಕಥೆಯನ್ನು ಆಗಾಗ ಓದಿಕೊಳ್ಳುವುದು ಲೇಸು.

ತೋಡುವುದೂ ಹಿಂಸೆಯಲ್ಲವೇ?

ಇಲ್ಲಿ ಒಂದು ಶಂಕೆ ಸಹಜ. ಮಣ್ಣಿನಲ್ಲಿ ಪೃಥ್ವೀಕಾಯ ಜೀವಗಳು, ನೀರಿನಲ್ಲಿ ಅಪ್ಕಾಯ ಜೀವಗಳು. ಅವುಗಳ ಆಶ್ರಯದಲ್ಲಿ ಅಸಂಖ್ಯ ತ್ರಸಜೀವಿಗಳು. ಕೊಳ ತೋಡಿಸಿದರೆ ಹಿಂಸೆಯಾಗದೆ? ಸೂತ್ರಕೃತಾಂಗವು ಈ ಇಕ್ಕಟ್ಟನ್ನು ಮರೆಮಾಚಿಲ್ಲ. ಇಂತಹ ಕಾರ್ಯದಲ್ಲಿ ಪುಣ್ಯವುಂಟೇ ಎಂದು ಗೃಹಸ್ಥನು ಕೇಳಿದರೆ ಮುನಿಯು ಉಂಟೆಂದೂ ಹೇಳಬಾರದು, ಇಲ್ಲವೆಂದೂ ಹೇಳಬಾರದು. ಉಂಟೆಂದರೆ ಜೀವವಧೆಯನ್ನು ಅನುಮೋದಿಸಿದಂತೆ. ಇಲ್ಲವೆಂದರೆ ಬಾಯಾರಿದವರ ವೃತ್ತಿಯನ್ನು ಕತ್ತರಿಸಿದಂತೆ. ಮುನಿಯ ಮೌನ ಮಹಾವ್ರತಿಯ ಮೌನ. ಅಣುವ್ರತಿಯಾದ ಶ್ರಾವಕನಿಗೆ ಆ ಮೌನದ ಆಶ್ರಯವಿಲ್ಲ. ಅವನ ಅಡುಗೆ, ಮನೆ, ಬೇಸಾಯ, ವ್ಯಾಪಾರಗಳಲ್ಲಿ ಆರಂಭೀ ಹಿಂಸೆಯೂ ಉದ್ಯೋಗೀ ಹಿಂಸೆಯೂ ಇದ್ದೇ ಇವೆ. ಅವನು ಮಾಡಬಹುದಾದುದು ಅದನ್ನು ಯತ್ನಾಚಾರದಿಂದ ತಗ್ಗಿಸುವುದು, ಅದರ ಫಲವನ್ನು ಹಲವರಿಗೆ ಹಂಚುವುದು. ಜಕ್ಕಿಮವ್ವೆಯೂ ಚೆನ್ನಣ್ಣನೂ ಮಾಡಿದುದು ಇದನ್ನೇ.

ಸರಃಶೋಷ: ವರ್ಜ್ಯವಾದ ವ್ಯಾಪಾರ

ಕೊಳ ಕಟ್ಟಿಸುವ ಬಗೆಗೆ ಮುನಿಗಳು ಮೌನ ತಾಳಿದರೂ ಅದನ್ನು ಬತ್ತಿಸುವ ಬಗೆಗೆ ಶಾಸ್ತ್ರ ಮೌನವಾಗಿಲ್ಲ. ಶ್ರಾವಕನು ಜೀವನೋಪಾಯಕ್ಕಾಗಿ ಹಿಡಿಯಬಾರದ ಹದಿನೈದು ವ್ಯಾಪಾರಗಳನ್ನು ಉಪಾಸಕದಶಾಂಗವು ಕರ್ಮಾದಾನಗಳೆಂದು ಎಣಿಸುತ್ತದೆ. ಕಾಡು ಕಡಿಯುವುದು, ವಿಷ ಮಾರುವುದು, ದಂತ ಮಾರುವುದು ಮುಂತಾದವುಗಳ ಸಾಲಿನಲ್ಲಿ ಕೆರೆ, ಮಡು, ತಟಾಕಗಳನ್ನು ಒಣಗಿಸುವುದೂ ಸೇರಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಇದೇ ಪಟ್ಟಿಯುಂಟು. ನೀರನ್ನು ಹೊರಹಾಕಿ ಆ ನೆಲದಲ್ಲಿ ಧಾನ್ಯ ಬಿತ್ತುವುದಕ್ಕಾಗಿ ಹೀಗೆ ಮಾಡುತ್ತಿದ್ದರೆಂದು ವ್ಯಾಖ್ಯಾನಗಳು ತಿಳಿಸುತ್ತವೆ. ಎಂದರೆ ಕೆರೆಯ ಒಡಲನ್ನು ಲಾಭದ ಭೂಮಿಯನ್ನಾಗಿಸುವ ಆಸೆ ಹೊಸದಲ್ಲ.

ದಿಗಂಬರ ಪಂಡಿತ ಆಶಾಧರರು 13ನೆಯ ಶತಮಾನದ ಸಾಗಾರಧರ್ಮಾಮೃತದಲ್ಲಿ ಇವುಗಳನ್ನೇ ಖರಕರ್ಮಗಳೆಂಬ ಹೆಸರಿನಲ್ಲಿ ಉಲ್ಲೇಖಿಸಿ, ಸರಃಶೋಷವನ್ನೂ ಹೇಳಿದ್ದಾರೆ. ಅವರ ವಿಶೇಷವೇನೆಂದರೆ, ಇಂತಹ ಕ್ರೂರಕರ್ಮಗಳು ಹದಿನೈದಕ್ಕೆ ನಿಲ್ಲುವಂಥವಲ್ಲ, ಎಣಿಕೆಗೆ ಸಿಗುವಂಥವೂ ಅಲ್ಲ ಎಂಬ ಅವರ ವಿವೇಚನೆ. ಪಟ್ಟಿಯಲ್ಲಿ ತನ್ನ ಉದ್ಯಮದ ಹೆಸರಿಲ್ಲವೆಂದು ಯಾವ ವ್ಯಾಪಾರಿಯೂ ನಿಶ್ಚಿಂತನಾಗಿರಲು ಆಶಾಧರರು ಅವಕಾಶ ಕೊಡುವುದಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ

ಈ ವಿಚಾರವನ್ನು ಇಂದು ಒರೆಗೆ ಹಚ್ಚಲು ಬೆಂಗಳೂರಿನ ಹೊರವಲಯಕ್ಕಿಂತ ತಕ್ಕ ಸ್ಥಳವಿಲ್ಲ. ದೊಡ್ಡ ನದಿಯಿಲ್ಲದ ಈ ಎತ್ತರದ ಭೂಮಿಯನ್ನು ಹಿಂದಿನವರು ಕೆರೆಗಳ ಸರಪಳಿಯಿಂದ ಬಾಳಿಸಿದರು. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಯನ್ನು ತುಂಬುತ್ತಿತ್ತು. ಜಿನಧರ್ಮಕ್ಕೆ ಆಶ್ರಯವಿತ್ತ ಗಂಗರ ಕಾಲದಲ್ಲಿಯೇ ಈ ಕೆಲಸ ನಡೆದಿತ್ತು. ಅಗರದ 9ನೆಯ ಶತಮಾನದ ಗಂಗ ಶಾಸನವು ಎರಡು ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟ ದೊರೆತುದನ್ನು ದಾಖಲಿಸುತ್ತದೆ. ಕೆರೆ ಕಟ್ಟಿಸಿದವನಿಗೆ ಅದರ ಕೆಳಗಣ ಭೂಮಿಯಲ್ಲಿ ಕೊಡುತ್ತಿದ್ದ ಪಾಲೇ ಬಿತ್ತುವಟ್ಟ. ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯ 1043ರ ಚೋಳರ ಕಾಲದ ತಮಿಳು ಶಾಸನದಲ್ಲಿ ಪಟ್ಟಂದೂರಿನ ಕೆರೆಯ ನಿರ್ಮಾಣದ ವಿವರವಿದೆ. ಆ ಕೆರೆಯ ನೆರೆಯಲ್ಲಿಯೇ ಇಂದು ಸಾಫ್ಟ್‌ವೇರ್ ಸಂಸ್ಥೆಗಳ ಗಾಜಿನ ಸೌಧಗಳಿವೆ. ಧರ್ಮಕಾರ್ಯವನ್ನು ಕೆಡಿಸಿದವನಿಗೆ ವಾರಣಾಸಿಯನ್ನೂ ಕವಿಲೆಗಳನ್ನೂ ಕೆರೆಯನ್ನೂ ಅಳಿದ ಪಾಪ ತಗಲುವುದೆಂದು ಅಂದಿನ ಶಾಸನಗಳು ಶಪಿಸುತ್ತಿದ್ದವು. ಕೆರೆಯನ್ನು ಅಳಿಯುವುದು ಗೋಹತ್ಯೆಗೆ ಸಮನೆಂಬುದು ಲೋಕದ ಸಾಮಾನ್ಯ ತಿಳಿವಳಿಕೆಯಾಗಿತ್ತು.

ಕೈಗಾರಿಕೆ ಬಂದ ಬಗೆಯೂ ಇತಿಹಾಸವೇ. ಪೀಣ್ಯದ ಕೈಗಾರಿಕಾ ವಸಾಹತು 1970ರ ದಶಕದಲ್ಲಿ ಬೆಳೆಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ಸರದಿ ಬಂತು. ಇವು ಲಕ್ಷಾಂತರ ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಜೈನ ವರ್ತಕರೂ ಉದ್ಯಮಿಗಳೂ ಇವುಗಳ ಜೊತೆಯಲ್ಲಿ ಬೆಳೆದಿದ್ದಾರೆ. ಇದೇ ಅವಧಿಯಲ್ಲಿ ಕೆರೆಗಳು ಅಳಿದವು. ನಗರದ ಒಳಗೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದುದು, ಸಂಪಂಗಿ ಕೆರೆ ಕ್ರೀಡಾಂಗಣವಾದುದು ಎಲ್ಲರೂ ಬಲ್ಲರು. 1980ರ ದಶಕದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿಯು ಉಳಿದ ಕೆರೆಗಳ ರಕ್ಷಣೆಗೆ ಶಿಫಾರಸು ಮಾಡಿತಾದರೂ ಹೊರವಲಯದಲ್ಲಿ ಒತ್ತುವರಿ ನಿಲ್ಲಲಿಲ್ಲ. ಪೀಣ್ಯದ ಲೋಹಲೇಪನ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದುದನ್ನು ಸರಕಾರಿ ಪರೀಕ್ಷೆಗಳು ಗುರುತಿಸಿವೆ. ಬೆಳ್ಳಂದೂರು ಕೆರೆಯ ನೊರೆಯೂ ಕಳೆಯೂ 2015, 2017 ಹಾಗೂ 2018ರಲ್ಲಿ ಹೊತ್ತಿ ಉರಿದವು. ನೀರಿನ ಮೇಲೆ ಬೆಂಕಿ ಕಾಣುವುದನ್ನು ಯಾವ ಪುರಾಣಕಾರನೂ ಶುಭಸ್ವಪ್ನಗಳಲ್ಲಿ ಸೇರಿಸಿಲ್ಲ.

ಪ್ರಾಚೀನರು ತೂಬು ಒಡೆದು ಕೆರೆಯನ್ನು ಬತ್ತಿಸುತ್ತಿದ್ದರು. ಇಂದು ಯಾರೊಬ್ಬರೂ ಹಾಗೆ ಮಾಡುವುದಿಲ್ಲ. ಒಬ್ಬರು ರಾಜಕಾಲುವೆಯನ್ನು ಮುಚ್ಚುತ್ತಾರೆ. ಒಬ್ಬರು ಮಣ್ಣು ಸುರಿಯುತ್ತಾರೆ. ಇನ್ನೊಬ್ಬರು ಬಡಾವಣೆಯ ನಿವೇಶನ ಕೊಳ್ಳುತ್ತಾರೆ. ಮತ್ತೊಬ್ಬರು ಸಾಲ ಕೊಡುತ್ತಾರೆ. ಸಾವಿರ ಕೈಗಳಲ್ಲಿ ಹಂಚಿಹೋದ ಕೆಲಸಕ್ಕೆ ಕರ್ತೃವೇ ಇಲ್ಲದಂತೆ ತೋರುತ್ತದೆ. ಆದರೆ ಜೈನ ಕರ್ಮಸಿದ್ಧಾಂತದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳೂ ಬಂಧಕಾರಣವೇ. ತಾನು ಮಾಡದೆ ಮಾಡಿಸಿದವನೂ, ಮಾಡಿಸದೆ ಒಪ್ಪಿ ಲಾಭ ಪಡೆದವನೂ ಲೆಕ್ಕದ ಹೊರಗೆ ಉಳಿಯುವುದಿಲ್ಲ.

ಸೋಸಿದ ನೀರು, ಮರಳಿ ಬಿಡುವ ನೀರು

ಈ ಲೆಕ್ಕವು ದೂರದ ತತ್ತ್ವವಲ್ಲ, ಪ್ರತಿ ಮನೆಯ ಅಡುಗೆಮನೆಗೆ ಸೇರಿದುದು. ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಪ್ರಥಮ ಲಕ್ಷಣ. ಸೋಸುವುದು ಈ ವಿಧಿಯ ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ಬಂದ ಜಲಾಶಯಕ್ಕೇ ಮೆಲ್ಲನೆ ಮರಳಿ ಬಿಡಬೇಕು ಎಂಬುದು ಅದರ ಉತ್ತರಾರ್ಧ. ಜೀವಿಯನ್ನು ಅದರ ಮನೆಗೆ ಕಳುಹಿಸದೆ ನೀರು ಶುದ್ಧವಾಗದು. ಈ ವಿಧಿಯನ್ನು ನಡೆಸಲು ತೆರೆದ ಬಾವಿಯೋ ಕೊಳವೋ ಬೇಕು. ನೂರಾರು ಅಡಿ ಆಳದ ಕೊಳವೆಬಾವಿಗೆ ಜೀವಿಗಳನ್ನು ಮರಳಿ ಬಿಡುವ ದಾರಿಯಿಲ್ಲ. ದಿಗಂಬರ ಮುನಿಸಂಘಗಳು ವಿಹಾರ ಮಾಡುತ್ತ ಬಂದಾಗ, ಚಾತುರ್ಮಾಸಕ್ಕೆ ನೆಲೆ ನಿಂತಾಗ, ಆಹಾರದಾನಕ್ಕೆ ಸೇದುವ ಬಾವಿಯ ನೀರನ್ನೇ ಶ್ರಾವಕರು ಅರಸುವುದು ಈ ಕಾರಣಕ್ಕಾಗಿ.

ತೆರೆದ ಬಾವಿಯಲ್ಲಿ ನೀರು ನಿಲ್ಲಬೇಕಾದರೆ ಹತ್ತಿರದ ಕೆರೆಯಲ್ಲಿ ನೀರಿರಬೇಕು. ಕೆರೆ ತುಂಬಿದಾಗ ನೆಲಕ್ಕಿಳಿಯುವ ನೀರೇ ಬಾವಿಯ ಒರತೆ. ಕೆರೆ ಹೋದರೆ ಬಾವಿ ಹೋಗುತ್ತದೆ. ಬಾವಿ ಹೋದರೆ ಕೊಳವೆಬಾವಿ ಆಳಕ್ಕಿಳಿಯುತ್ತದೆ. ಕೊನೆಗೆ ಅದೂ ಬತ್ತುತ್ತದೆ. ರಾಜ್ಯ ಸರಕಾರವು 2024ರ ಮಾರ್ಚ್‌ನಲ್ಲಿ ತಿಳಿಸಿದಂತೆ ಬೆಂಗಳೂರಿನ ಸುಮಾರು 14,000 ಕೊಳವೆಬಾವಿಗಳಲ್ಲಿ 6,900ರಷ್ಟು ಒಣಗಿದ್ದವು. ಆ ಬೇಸಗೆಯಲ್ಲಿ ಹೊರವಲಯದ ಬಡಾವಣೆಗಳು ಟ್ಯಾಂಕರಿಗಾಗಿ ಕಾದುವು. ಕೆರೆಯ ನಾಶದಿಂದ ಬಾಯಾರಿಕೆಯೊಂದೇ ಅಲ್ಲ, ಶ್ರಾವಕನ ಒಂದು ಮೂಲ ಆಚಾರವೂ ಮುನಿಗಳ ಆಹಾರವಿಧಿಯೂ ಅಪಾಯಕ್ಕೆ ಬಿದ್ದಿವೆ.

ಧರ್ಮಸಂಸ್ಥೆಗಳ ಕರ್ತವ್ಯ

ಮಾಡಬಹುದಾದ ಕಾರ್ಯಗಳು ಇಲ್ಲದಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೂ ನಗರಪಾಲಿಕೆಯೂ ಕೂಡಿ ಮರಳಿ ಪಡೆದರು. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆ 2017ರಲ್ಲಿ ಉದ್ಯಮ ಸಂಸ್ಥೆಯೊಂದರ ನೆರವಿನಿಂದ ಹೂಳು ಕಳೆದುಕೊಂಡು ಮತ್ತೆ ತುಂಬಿತು. ಇವರು ಕರ್ಮಾದಾನದ ಪಟ್ಟಿ ಓದಿ ಈ ಕೆಲಸಕ್ಕೆ ಇಳಿದವರಲ್ಲ. ಆ ಪಟ್ಟಿಯನ್ನು ಶತಮಾನಗಳಿಂದ ಓದುತ್ತ ಬಂದ ಸಮಾಜವು ಇವರಿಗಿಂತ ಹಿಂದುಳಿಯುವುದು ಶೋಭೆಯಲ್ಲ.

ಬಸದಿಗಳ ಆವರಣದಲ್ಲಿ ಹಳೆಯ ಬಾವಿಯಿದ್ದರೆ ಅದನ್ನು ಮುಚ್ಚಿ ಕಲ್ಲು ಹಾಸದೆ, ಹೂಳೆತ್ತಿಸಿ, ಮಳೆನೀರನ್ನು ಅದರತ್ತ ತಿರುಗಿಸುವುದು ಸುಲಭಸಾಧ್ಯ. ಹೊಸದಾಗಿ ಜಿನಮಂದಿರಕ್ಕೋ ವಿದ್ಯಾರ್ಥಿನಿಲಯಕ್ಕೋ ಭೂಮಿ ಕೊಳ್ಳುವಾಗ ಅದು ಕೆರೆಯ ಅಂಗಳವೋ ರಾಜಕಾಲುವೆಯ ದಾರಿಯೋ ಎಂದು ಗ್ರಾಮನಕ್ಷೆಯನ್ನು ನೋಡುವುದು ಧರ್ಮದರ್ಶಿಗಳ ಮೊದಲ ಕೆಲಸವಾಗಬೇಕು. ಸರಃಶೋಷದ ನೆಲದ ಮೇಲೆ ಪಂಚಕಲ್ಯಾಣ ನಡೆಸುವುದು ವಿಪರ್ಯಾಸ. ಕಾರ್ಖಾನೆಯುಳ್ಳ ಶ್ರಾವಕನು ತನ್ನ ಕೊಳಚೆ ಹೋಗಿ ಸೇರುವ ನೀರನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡಿ ಬರಬೇಕು. ಪರ್ಯೂಷಣ, ದಶಲಕ್ಷಣ ಪರ್ವಗಳ ಕ್ಷಮಾಪಣೆಯಲ್ಲಿ ಸಕಲ ಜೀವಿಗಳನ್ನೂ ಕ್ಷಮೆ ಬೇಡುವಾಗ ಪೀಣ್ಯದ, ವರ್ತೂರಿನ, ಬೆಳ್ಳಂದೂರಿನ ಅಪ್ಕಾಯ ಜೀವಗಳೂ ಆ ಮಾತಿನೊಳಗೆ ಸೇರಿವೆ. ಲೆಕ್ಕಪುಸ್ತಕದಲ್ಲಿ ಜಮೆಯಿದ್ದಂತೆ ಖರ್ಚೂ ಇರಬೇಕು. ಭೂಮಿಯಿಂದ ಎತ್ತಿದ ನೀರು ಜಮೆಯಾದರೆ, ಭೂಮಿಗೆ ಮರಳಿಸಿದ ನೀರಿನ ಬಾಬು ಯಾವ ಪುಟದಲ್ಲಿದೆ ಎಂದು ಪ್ರತಿಯೊಂದು ಧರ್ಮಸಂಸ್ಥೆಯೂ ತನ್ನ ವಾರ್ಷಿಕ ಸಭೆಯಲ್ಲಿ ಕೇಳಿಕೊಳ್ಳಬೇಕು.

ದಾನ ಮಾಡುವವರು ನಂದ ಮಣಿಯಾರನ ಮೊದಲರ್ಧವನ್ನು ಅನುಸರಿಸಲಿ; ಬಾಯಾರಿಕೆಯನ್ನು ತಾವು ಅನುಭವಿಸಿ ಪರರ ಬಾಯಾರಿಕೆಯನ್ನು ಅರಿಯಲಿ. ಹೆಸರಿನ ವಿಷಯದಲ್ಲಿ ಮಾತ್ರ ಲಕ್ಕಿದೊಣೆಯ ಲಕ್ಕಿಯನ್ನು ನೆನೆಯಲಿ. ಆಕೆ ಯಾರ ಮಗಳು, ಯಾರ ಮಡದಿ, ಎಷ್ಟು ಸಿರಿವಂತೆ ಎಂಬುದು ಯಾರಿಗೂ ತಿಳಿಯದು. ಬೆಟ್ಟದ ಮೇಲಿನ ದೊಣೆ ಮಾತ್ರ ಸಾವಿರ ವರ್ಷಗಳ ಬಳಿಕವೂ ಆಕೆಯದೆಂದೇ ಕರೆಸಿಕೊಳ್ಳುತ್ತಿದೆ.